ಕುಮಾರಪರ್ವತಕ್ಕೆ ನಲವತ್ತು ಮಕ್ಕಳು: ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಏನೇನಿರಬೇಕು?

ಸೀಮೆಸುಣ್ಣ | ಶುಕ್ರವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಎನ್‌ಎಸ್‌ಎಸ್ ಹೊಣೆಯೂ ನನ್ನದೇ, ಬೇರೆ ಯಾರೂ ಒಪ್ಪಿಕೊಳ್ಳಲಿಲ್ಲ. ಡಿಸೆಂಬರ್ ಎರಡನೆಯ ವಾರ ನಲವತ್ತು ವಿದ್ಯಾರ್ಥಿಗಳನ್ನು ಕುಕ್ಕೆಯ ಕಡೆಯಿಂದ ಕುಮಾರಪರ್ವತ ಹತ್ತಿಸಬೇಕೆಂದಿದ್ದೇನೆ. ಜೊತೆಗೆ ನಾನು, ಇನ್ನೊಬ್ಬ ಉಪನ್ಯಾಸಕರು, ಒಬ್ಬ ಮೇಡಂ. ಪ್ರಾಂಶುಪಾಲರು ಒಪ್ಪಿದ್ದಾರೆ, ಆದರೆ "ಪ್ರಥಮ ಚಿಕಿತ್ಸೆಗೆ ಏನು ವ್ಯವಸ್ಥೆ ಮಾಡಿದ್ದೀರಿ, ಬರೆದು ಕೊಡಿ" ಎಂದಿದ್ದಾರೆ.

ಹೈಸ್ಕೂಲಿನಲ್ಲಿ ಸ್ಕೌಟ್ ಆಗಿದ್ದಾಗ ಬರೆದುಕೊಂಡಿದ್ದ ಟಿಪ್ಪಣಿ ಪುಸ್ತಕ ಅಟ್ಟದ ಮೇಲೆ ಸಿಕ್ಕಿತು. ಅದರಿಂದ ಮಾಡಿದ ಪಟ್ಟಿ ಇದು: ಹತ್ತಿ, ಗಾಜ್ ಬಟ್ಟೆ, ಬ್ಯಾಂಡೇಜ್ ಸುರುಳಿ, ಅಯೋಡಿನ್, ಸುಟ್ಟ ಗಾಯದ ಮುಲಾಮು, ಜ್ವರದ ಮತ್ತು ನೋವಿನ ಮಾತ್ರೆ, ಗ್ಲುಕೋಸ್ ಪುಡಿ, ಉಂಬಳಕ್ಕೆ ಉಪ್ಪು. ಹಾವು ಕಚ್ಚಿದರೆ ಕಟ್ಟಲು ಹಗ್ಗ, ಹೊಸ ಬ್ಲೇಡ್, ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು.

ಬಿಟ್ಟು ಹೋದದ್ದೇನಾದರೂ ಇದ್ದರೆ ಸೇರಿಸಿ. ಸೋಮವಾರ ಕೊಡಬೇಕು.

ರಾತ್ರಿಪಾಳಿ | ಶುಕ್ರವಾರ, ರಾತ್ರಿ 11:15

ಮೇಷ್ಟ್ರೇ, ಸೇರಿಸುವುದಿರಲಿ, ಮೊದಲು ತೆಗೆಯೋಣ. ಹಗ್ಗ, ಬ್ಲೇಡ್, ಪರ್ಮಾಂಗನೇಟ್ ಮೂರನ್ನೂ ತೆಗೆದುಹಾಕಿ. ಆ ಟಿಪ್ಪಣಿ ಪುಸ್ತಕವನ್ನು ಮತ್ತೆ ಅಟ್ಟಕ್ಕೇ ಹಾಕಿ.

ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಶುಶ್ರೂಷಕಿಯಾಗಿದ್ದೇನೆ. ಹಾವು ಕಚ್ಚಿಸಿಕೊಂಡು ಬರುವವರಲ್ಲಿ ನಾನು ಮೊದಲು ನೋಡುವುದು ಕಾಲಿಗೆ ಕಟ್ಟಿದ ದಾರವನ್ನು. ಸೈಕಲ್ ಟ್ಯೂಬು, ಸೀರೆಯ ಅಂಚು, ಕೊಟ್ಟಿಗೆಯ ಹಗ್ಗ, ಒಮ್ಮೆ ಮೊಬೈಲ್ ಚಾರ್ಜರಿನ ತಂತಿ. ಬಿಗಿಯಾಗಿ ಕಟ್ಟಿದರೆ ರಕ್ತ ಓಡುವುದಿಲ್ಲ, ಕಾಲು ಕಪ್ಪಾಗುತ್ತದೆ. ದಾರಿಯಲ್ಲಿ ಯಾರೋ ಭಯಪಟ್ಟು ಥಟ್ಟನೆ ಬಿಚ್ಚಿದರೆ ಅಲ್ಲಿ ನಿಂತಿದ್ದ ವಿಷ ಒಂದೇ ಸಲ ಮೈಗೆ ಹರಿಯುತ್ತದೆ. ಕೊಯ್ದರೆ ಇನ್ನೂ ಕೆಟ್ಟದ್ದು. ಕೊಳಕುಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ, ನೀವು ಬ್ಲೇಡಿನಿಂದ ಮಾಡಿದ ಗಾಯದಿಂದ ಗಂಟೆಗಟ್ಟಲೆ ರಕ್ತ ಸೋರುತ್ತಲೇ ಇರುತ್ತದೆ. ಬಾಯಿಂದ ಹೀರುವುದನ್ನು ಸಿನಿಮಾದವರಿಗೇ ಬಿಟ್ಟುಬಿಡಿ.

ಮಾಡಬೇಕಾದದ್ದು ಇಷ್ಟೇ. ಹಾವಿನಿಂದ ದೂರ ಸರಿಸಿ ಮಲಗಿಸಿ, ನಡೆಸಬೇಡಿ. ಉಂಗುರ, ಗಡಿಯಾರ, ಕಾಲ್ಗೆಜ್ಜೆ, ಶೂ ಬಿಚ್ಚಿ, ಏಕೆಂದರೆ ಬಾವು ಬರುತ್ತದೆ. ಮೂಳೆ ಮುರಿದಾಗ ಕಟ್ಟುವಂತೆ ಕಾಲು ಅಲುಗದ ಹಾಗೆ ಪಟ್ಟಿ ಕಟ್ಟಿ. ಪಟ್ಟಿಯ ಒಳಗೆ ಒಂದು ಬೆರಳು ಹೋಗುವಷ್ಟು ಸಡಿಲವಿರಬೇಕು. ಕಚ್ಚಿದ ಹೊತ್ತನ್ನು ಬರೆದಿಡಿ. ಬಾಯಿಗೆ ಏನನ್ನೂ ಹಾಕಬೇಡಿ. ವಾಂತಿ ಬಂದರೆ ಎಡ ಮಗ್ಗುಲಿಗೆ ತಿರುಗಿಸಿ. ಆಮೇಲೆ ಗಾಡಿ.

ಇನ್ನೊಂದು ಪ್ರಶ್ನೆ. ನಿಮ್ಮ ನಲವತ್ತು ಮಕ್ಕಳಲ್ಲಿ ಉಬ್ಬಸ ಯಾರಿಗಿದೆ, ಮೂರ್ಛೆ ರೋಗ ಯಾರಿಗಿದೆ, ಜೇನು ಕಚ್ಚಿದರೆ ಮೈಯೆಲ್ಲ ದದ್ದು ಏಳುವವರು ಯಾರು ಎಂದು ನಿಮಗೆ ಗೊತ್ತೇ? ಪೆಟ್ಟಿಗೆಯ ಪಟ್ಟಿಗಿಂತ ಮೊದಲು ಆ ಪಟ್ಟಿ ಬೇಕು.

ಗದ್ದೆಬದು | ಶನಿವಾರ, ಬೆಳಿಗ್ಗೆ 6:20

ಅಕ್ಕ ಹೇಳುವುದರಲ್ಲಿ ಕೆಲವು ಸರಿ. ಆದರೆ ಎಲ್ಲವೂ ಆಸ್ಪತ್ರೆಯಿಂದಲೇ ಎಂದರೆ ಒಪ್ಪುವುದಿಲ್ಲ. ನಮ್ಮದು ಹೊಸನಗರ ತಾಲ್ಲೂಕು, ಮೂರು ತಲೆಮಾರಿನಿಂದ ಹಾವಿಗೆ ಬಳ್ಳಿ ಕೊಡುವ ಮನೆ. ಹಣ ಮುಟ್ಟುವುದಿಲ್ಲ, ತೆಂಗಿನಕಾಯಿ ಮಾತ್ರ. ನಮ್ಮ ಅಜ್ಜ ನೂರಕ್ಕೂ ಹೆಚ್ಚು ಜನರನ್ನು ಉಳಿಸಿದ್ದಾರೆ. ಊರೇ ಸಾಕ್ಷಿ.

ರಾತ್ರಿಪಾಳಿ | ಶನಿವಾರ, ಮಧ್ಯಾಹ್ನ 1:05

ಅಣ್ಣ, ನಿಮ್ಮ ಅಜ್ಜನ ಮೇಲೆ ನನಗೆ ಗೌರವವಿದೆ. ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೆ ಎದ್ದು ಬರುವವರು ಊರಿಗೆ ಬೇಕು. ಆದರೆ ಲೆಕ್ಕ ಹೀಗಿದೆ. ನಮ್ಮಲ್ಲಿರುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವು ಕಚ್ಚಿದರೂ ಎಷ್ಟೋ ಸಲ ವಿಷ ಬಿಟ್ಟಿರುವುದಿಲ್ಲ. ಆ ಜನರೆಲ್ಲ ಬಳ್ಳಿ ಅರೆದರೂ ಬದುಕುತ್ತಾರೆ, ಸುಮ್ಮನೆ ಕುಳಿತರೂ ಬದುಕುತ್ತಾರೆ. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ.

ನಾನು ಕಂಡದ್ದನ್ನು ಹೇಳುತ್ತೇನೆ. ಮೊದಲು ಕೆಲಸ ಮಾಡುತ್ತಿದ್ದ ಊರಿನಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಒಬ್ಬ ಹೆಂಗಸನ್ನು ಹೊಟ್ಟೆನೋವು ಎಂದು ಕರೆತಂದರು. ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದವರು. ಗಾಯವಿಲ್ಲ, ಬಾವಿಲ್ಲ. ಮನೆಯವರು ಗ್ಯಾಸ್ ಎಂದು ಓಮದ ಕಷಾಯ ಕೊಟ್ಟಿದ್ದರು. ಮಾತನಾಡಿಸುವಾಗ ನೋಡಿದೆ, ರೆಪ್ಪೆ ಎತ್ತಲು ಆಗುತ್ತಿಲ್ಲ. ತಲೆಯನ್ನೇ ಹಿಂದಕ್ಕೆ ಬಾಗಿಸಿ ನನ್ನನ್ನು ನೋಡುತ್ತಿದ್ದಾರೆ. ಕಟ್ಟುಹಾವು. ಅದು ಮಲಗಿದ್ದವರನ್ನು ಕಚ್ಚುತ್ತದೆ, ಎಷ್ಟೋ ಸಲ ಎಚ್ಚರವೂ ಆಗುವುದಿಲ್ಲ. ಅರ್ಧ ಗಂಟೆಯಲ್ಲಿ ಉಸಿರು ನಿಂತಿತು. ಚುಚ್ಚುಮದ್ದು ಹಾಕಿ, ಜಿಲ್ಲಾ ಆಸ್ಪತ್ರೆ ಮುಟ್ಟುವವರೆಗೆ ಆಂಬುಲೆನ್ಸಿನಲ್ಲಿ ನಾನೂ ಆಕೆಯ ಮಗನೂ ಸರದಿಯಲ್ಲಿ ಗಾಳಿಚೀಲ ಒತ್ತಿದೆವು. ನನ್ನ ಹೆಬ್ಬೆರಳು ಎರಡು ದಿನ ಮಡಚಲು ಬರಲಿಲ್ಲ. ಆಕೆ ಒಂಬತ್ತನೆಯ ದಿನ ನಡೆದು ಮನೆಗೆ ಹೋದರು.

ಬಳ್ಳಿಯಿಂದ ಗಂಟಲಿನ ಸ್ನಾಯು ಏಳುವುದಿಲ್ಲ ಅಣ್ಣ. ಗಂಟಲು ಸೋತವರ ಬಾಯಿಗೆ ರಸ ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. 2024ರಿಂದ ಹಾವು ಕಡಿತವನ್ನು ನಮ್ಮ ರಾಜ್ಯದಲ್ಲಿ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು. ಇಷ್ಟು ವರ್ಷ ಎಷ್ಟು ಸಾವು ಲೆಕ್ಕಕ್ಕೇ ಸಿಗದೆ ಮಣ್ಣಾದವೋ ನಿಮಗೂ ಗೊತ್ತು, ನನಗೂ ಗೊತ್ತು.

ಗದ್ದೆಬದು | ಶನಿವಾರ, ಮಧ್ಯಾಹ್ನ 2:30

ಬಳ್ಳಿ ಕೊಡುವುದನ್ನು ನಾನು ಬಿಡುವುದಿಲ್ಲ. ಆದರೆ ಇನ್ನು ಮುಂದೆ ಆಸ್ಪತ್ರೆಗೆ ಹೋಗುವ ನಮ್ಮ ಜೀಪಿನಲ್ಲೇ ಕುಳಿತು ಕೊಡುತ್ತೇನೆ. ಸರಿಯೇ?

ರಾತ್ರಿಪಾಳಿ | ಶನಿವಾರ, ಮಧ್ಯಾಹ್ನ 2:34

ಬಾಯಿಗೆ ಬೇಡ. ನೆತ್ತಿಗೆ ಹಚ್ಚಿ. ಜೀಪು ಮಾತ್ರ ನಿಲ್ಲಿಸಬೇಡಿ.

ಎಂಟನೇ ತಿರುವು | ಶನಿವಾರ, ಸಂಜೆ 5:50

ಚಾರ್ಮಾಡಿಯವನು. ಹನ್ನೆರಡು ವರ್ಷಗಳಿಂದ ಚಾರಣಕ್ಕೆ ದಾರಿ ತೋರಿಸುವುದೇ ಹೊಟ್ಟೆಪಾಡು. ಹಾವಿನ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ದೇಶದ ಹಾವಿನ ಚುಚ್ಚುಮದ್ದು ನಾಲ್ಕು ಹಾವುಗಳ ವಿಷಕ್ಕೆ ಮಾಡಿದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಘಟ್ಟದ ತರಗೆಲೆಯ ನಡುವೆ ಮಲಗಿರುವ, ಮೂತಿ ಮೇಲಕ್ಕೆ ಚೂಪಾದ ಸಣ್ಣ ಕಂದು ಗುಳಿಮಂಡಲವಿದೆಯಲ್ಲ, ಅದಕ್ಕೆ ಈ ಮದ್ದು ನಾಟುವುದಿಲ್ಲ. ಹಾಗೆಂದು ಆಸ್ಪತ್ರೆಗೆ ಹೋಗದೆ ಇರುವಂತಿಲ್ಲ, ಅದು ಕಚ್ಚಿದರೂ ಮೂತ್ರಪಿಂಡ ಕೆಡಬಹುದು. ಕಚ್ಚಿದ್ದು ಯಾವುದು ಎಂದು ಮಕ್ಕಳು ತೀರ್ಮಾನಿಸುವುದೂ ಬೇಡ. ದೂರದಿಂದ ಒಂದು ಫೋಟೊ ಸಿಕ್ಕರೆ ಸಾಕು. ಕೋಲು ಹಿಡಿದು ಹುಡುಕಿಕೊಂಡು ಹೋದವನು ಎರಡನೆಯ ರೋಗಿಯಾಗುತ್ತಾನೆ.

ಆದರೆ ಮೇಷ್ಟ್ರೇ, ನನಗೆ ಹೆದರಿಕೆ ಹಾವಿನದಲ್ಲ. ಹನ್ನೆರಡು ವರ್ಷಗಳಲ್ಲಿ ನನ್ನ ಗುಂಪಿನಲ್ಲಿ ಒಬ್ಬರಿಗೂ ಹಾವು ಕಚ್ಚಿಲ್ಲ. ಕಾಲು ಹೊರಳಿದ್ದು, ನೀರು ಸಾಲದೆ ಕುಸಿದದ್ದು, ಹೆಜ್ಜೇನು ಎದ್ದದ್ದು, ಫೋಟೊ ತೆಗೆಯಲು ಹಿಂದೆ ಹಿಂದೆ ಸರಿದು ಜಾರಿದ್ದು, ಇವು ಪ್ರತಿ ಹಂಗಾಮಿನಲ್ಲೂ. 2023ರ ಜುಲೈನಲ್ಲಿ ಕೊಲ್ಲೂರಿನ ಹತ್ತಿರ ಅರಸಿನಗುಂಡಿ ಜಲಪಾತದ ಅಂಚಿನ ಬಂಡೆಯ ಮೇಲೆ ನಿಂತಿದ್ದ ಹುಡುಗ ಜಾರಿ ಹೋದದ್ದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದೀರಿ. ಅವನಿಗೆ ಯಾವ ಪೆಟ್ಟಿಗೆಯಿಂದ ಏನು ಮಾಡಲು ಸಾಧ್ಯವಿತ್ತು?

ಕುಮಾರಪರ್ವತ 1,712 ಮೀಟರ್. ಕುಕ್ಕೆಯಿಂದ ಸುಮಾರು ಒಂದೂವರೆ ಸಾವಿರ ಮೀಟರ್ ಏರಬೇಕು. ನಡುದಾರಿಯಲ್ಲಿ ಸಿಗುವ ಭಟ್ಟರ ಮನೆಯವರೆಗೆ ಕಾಡು, ನೆರಳು. ಅಲ್ಲಿಂದ ಮೇಲೆ ಬೋಳು ಹುಲ್ಲುಗಾವಲು, ನೆತ್ತಿಯ ಮೇಲೆ ಬಿಸಿಲು. ಶೇಷಪರ್ವತ ದಾಟಿದ ಮೇಲೆ ಮತ್ತೆ ಕಾಡು, ಜಾರುಬಂಡೆ. ಒಂದು ಗಾಡಿಯೂ ಬರುವುದಿಲ್ಲ. ಕಾಲು ಮುರಿದವನನ್ನು ಹೊತ್ತೇ ಇಳಿಸಬೇಕು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಅಲ್ಲಿ ಜಾತ್ರೆಯಂತೆ ಜನ ಸೇರಿದರು. ಆಮೇಲೆ ಅರಣ್ಯ ಇಲಾಖೆ ಆನ್‌ಲೈನಿನಲ್ಲೇ ಕಾಯ್ದಿರಿಸಬೇಕು, ದಿನಕ್ಕೆ ಇಷ್ಟೇ ಜನ ಎಂದು ಮಾಡಿತು. ಒಳ್ಳೆಯದೇ ಆಯಿತು. ಆದರೆ ನಿಮ್ಮ ನಲವತ್ತು ಮಕ್ಕಳಿಗೆ ಮೂವರು ದೊಡ್ಡವರು. ಒಬ್ಬ ಹುಡುಗನಿಗೆ ಏನಾದರೂ ಆದರೆ ಅವನ ಜೊತೆ ಒಬ್ಬರು, ಸಹಾಯ ತರಲು ಒಬ್ಬರು. ಉಳಿದ ಮೂವತ್ತೊಂಬತ್ತಕ್ಕೆ ಒಬ್ಬರೇ ಗತಿ.

ಕೊನೆಬೆಂಚು | ಶನಿವಾರ, ರಾತ್ರಿ 8:10

ನಾನು ದ್ವಿತೀಯ ಪಿಯುಸಿ. ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ, ಎಲ್ಲರೂ ದೊಡ್ಡವರಿದ್ದೀರಿ.

ಹೋದ ವರ್ಷ ನಮ್ಮ ಶಿಬಿರದಲ್ಲಿ ಪ್ರಥಮ ಚಿಕಿತ್ಸೆಯ ಪರೀಕ್ಷೆ ಇತ್ತು. ನನಗೆ ಹತ್ತಕ್ಕೆ ಒಂಬತ್ತು. ಮಾರನೆಯ ದಿನ ನಡೆಯುವಾಗ ನನ್ನ ಮುಂದಿದ್ದ ಗೆಳೆಯ ಹಾಗೆಯೇ ಬಿದ್ದ. ಕೈಕಾಲು ಸೆಟೆದು ಒದ್ದಾಡತೊಡಗಿದ. ನನಗೆ ಎಲ್ಲವೂ ಗೊತ್ತಿತ್ತು. ಸುತ್ತಲಿನ ಕಲ್ಲು ಸರಿಸಬೇಕು, ತಲೆಯ ಕೆಳಗೆ ಮೆತ್ತನೆಯದು ಇಡಬೇಕು, ಹಿಡಿದು ಅದುಮಬಾರದು, ಬಾಯಿಗೆ ಏನೂ ತುರುಕಬಾರದು, ನಿಂತ ಮೇಲೆ ಮಗ್ಗುಲಿಗೆ ತಿರುಗಿಸಬೇಕು. ಉತ್ತರ ಪತ್ರಿಕೆಯಲ್ಲಿ ಇದೇ ಕ್ರಮದಲ್ಲಿ ಬರೆದಿದ್ದೆ. ಆದರೆ ಕೈ ಏಳಲೇ ಇಲ್ಲ. ನಿಂತು ನೋಡುತ್ತಿದ್ದೆ. ಯಾರೋ ಬಂದು ಅವನ ಮುಷ್ಟಿಗೆ ಬೀಗದ ಕೈ ಕೊಟ್ಟರು, ಇನ್ಯಾರೋ ಈರುಳ್ಳಿ ಕೇಳಿದರು, ಒಬ್ಬರು ಬಾಯಿಗೆ ನೀರು ಹಾಕಲು ಹೋದರು. "ಬೇಡ" ಎನ್ನಲೂ ನನಗೆ ಆಗಲಿಲ್ಲ. ಎರಡು ನಿಮಿಷಕ್ಕೆ ಅವನೇ ಸರಿಹೋದ. ಅವನು ಈಗಲೂ ನನ್ನ ಜೊತೆ ಚೆನ್ನಾಗಿದ್ದಾನೆ, ಆದರೆ ನನಗೆ ಅವನ ಮುಖ ನೋಡಲು ಒಂದು ವಾರ ಆಗಲಿಲ್ಲ.

ಗೊತ್ತಿದ್ದೂ ಹೀಗೇಕೆ ಆಗುತ್ತದೆ?

ರಾತ್ರಿಪಾಳಿ | ಶನಿವಾರ, ರಾತ್ರಿ 8:55

ಬರೆದದ್ದು ಒಳ್ಳೆಯದಾಯಿತು ತಮ್ಮ. ನನಗೂ ಹೀಗೆಯೇ ಆಗಿತ್ತು. ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವಾರ, ಹೃದಯ ನಿಂತವರ ಮುಂದೆ ನಿಂತು ಗ್ಲೌಸ್ ಹುಡುಕುತ್ತಿದ್ದೆ, ಅದು ನನ್ನ ಕೈಯಲ್ಲೇ ಇತ್ತು. ಹಿರಿಯ ಸಿಸ್ಟರ್ ನನ್ನನ್ನು ಪಕ್ಕಕ್ಕೆ ತಳ್ಳಿ ಒತ್ತತೊಡಗಿದರು.

ಕಾರಣ ಸರಳ. ನೀನು ಬರೆದು ಕಲಿತೆ, ಮಾಡಿ ಕಲಿಯಲಿಲ್ಲ. ಈಜನ್ನು ಕಪ್ಪುಹಲಗೆಯ ಮೇಲೆ ಕಲಿಯಲು ಆಗುತ್ತದೆಯೇ? ಎದೆ ಒತ್ತುವುದೂ ಹಾಗೆಯೇ. ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ, ಐದರಿಂದ ಆರು ಸೆಂಟಿಮೀಟರ್ ಆಳ, ಮೂವತ್ತು ಸಲ ಒತ್ತಿ ಎರಡು ಉಸಿರು ಎಂದು ಯಾರು ಬೇಕಾದರೂ ಬಾಯಿಪಾಠ ಒಪ್ಪಿಸಬಹುದು. ಒಂದು ಗಟ್ಟಿ ದಿಂಬನ್ನು ನೆಲದ ಮೇಲಿಟ್ಟು ಎರಡು ನಿಮಿಷ ಒತ್ತಿ ನೋಡು. ಒಂದನೆಯ ನಿಮಿಷಕ್ಕೇ ಮೊಣಕೈ ಮಡಚುತ್ತದೆ, ಬೆವರು ಇಳಿಯುತ್ತದೆ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು ಎನ್ನುವುದು ಏಕೆಂದು ಆಗ ಗೊತ್ತಾಗುತ್ತದೆ.

ಮೂರ್ಛೆ ಐದು ನಿಮಿಷ ದಾಟಿದರೆ ಅಥವಾ ಎಚ್ಚರ ಬರುವ ಮೊದಲೇ ಮತ್ತೆ ಬಂದರೆ ಆಸ್ಪತ್ರೆಗೆ ಒಯ್ಯಬೇಕು. ಹಾಗಾಗಿ ಮೊದಲು ಗಡಿಯಾರ ನೋಡು. ಅದೊಂದು ಕೆಲಸ ಕೈಗೆ ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದೆ. ಆ ಬೀಗದ ಕೈಯಿಂದ ಇದುವರೆಗೆ ಬಾಗಿಲು ಬಿಟ್ಟು ಬೇರೆ ಏನೂ ತೆರೆದದ್ದನ್ನು ನಾನು ಕಂಡಿಲ್ಲ.

ನಾಲೆಬದಿ | ಶನಿವಾರ, ರಾತ್ರಿ 10:20

ಮಂಡ್ಯದವನು. ನಮ್ಮಲ್ಲಿ ಬೆಟ್ಟವೂ ಇಲ್ಲ, ಉಂಬಳವೂ ಇಲ್ಲ. ನಾಲೆ ಇದೆ. ಹುಡುಗರನ್ನು ಅದೇ ತಿನ್ನುತ್ತದೆ. ಕಾಂಕ್ರೀಟ್ ಹಾಕಿದ ಇಳಿಜಾರು ದಡ, ಪಾಚಿ, ಇಳಿಯುವುದು ಸುಲಭ, ಹತ್ತಲು ಹಿಡಿ ಸಿಗುವುದಿಲ್ಲ. ಒಬ್ಬ ಮುಳುಗುತ್ತಾನೆ, ಇನ್ನೊಬ್ಬ ಎಳೆಯಲು ಹಾರುತ್ತಾನೆ, ಮೂರನೆಯವನು ಅವನಿಗಾಗಿ. ಬೆಳಿಗ್ಗೆ ಪತ್ರಿಕೆಯಲ್ಲಿ ಮೂರು ಫೋಟೊ. ನಮ್ಮ ಬೀದಿಯಿಂದಲೂ ಹೀಗೆ ಇಬ್ಬರು ಹೋದರು. ಎರಡನೆಯವನಿಗೆ ಚೆನ್ನಾಗಿ ಈಜು ಬರುತ್ತಿತ್ತು.

ಅಂದಿನಿಂದ ನಮ್ಮ ಹುಡುಗರಿಗೆ ಹೇಳಿಕೊಡುವುದು ಒಂದೇ. ಹಾರಬೇಡ, ಎಸೆ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಒಬ್ಬನನ್ನು ತೇಲಿಸುತ್ತದೆ. ಅದಕ್ಕೆ ಹಗ್ಗ ಕಟ್ಟಿ ನಾಲೆಯ ಪಕ್ಕದ ಪಂಪ್‌ಹೌಸ್ ಗೋಡೆಗೆ ನೇತುಹಾಕಿದ್ದೇವೆ. ಒಳಗೆ ಎರಡು ಲೋಟ ನೀರು ಬಿಡಬೇಕು, ಇಲ್ಲವಾದರೆ ಹಗುರಾಗಿ ಗಾಳಿಗೆ ಅಡ್ಡ ಹೋಗುತ್ತದೆ. ಇದನ್ನು ಕಂಡುಕೊಳ್ಳಲು ಒಂದು ಭಾನುವಾರ ಪೂರ್ತಿ ಎಸೆದಿದ್ದೇವೆ. ಪಂಚೆಯಾದರೂ ಸರಿ, ಉದ್ದದ ಬಿದಿರಾದರೂ ಸರಿ, ಆದರೆ ಎಸೆಯುವವನು ಮಲಗಿಕೊಂಡು ಚಾಚಬೇಕು. ನಿಂತು ಚಾಚಿದರೆ ಮುಳುಗುವವನು ಎಳೆದುಕೊಂಡು ಹೋಗುತ್ತಾನೆ.

ಎತ್ತಿದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗಾಗಿ ಹಿಡಿದು ಸುತ್ತಿಸುವುದು ಸರಿಯೋ ತಪ್ಪೋ? ನಮ್ಮ ಹಿರಿಯರು ಹಾಗೆಯೇ ಮಾಡುತ್ತಾರೆ.

ರಾತ್ರಿಪಾಳಿ | ಶನಿವಾರ, ರಾತ್ರಿ 10:41

ತಪ್ಪು. ಹೊಟ್ಟೆ ಒತ್ತಿದರೆ ಹೊಟ್ಟೆಯಲ್ಲಿರುವುದು ಉಸಿರ ಕೊಳವೆಗೆ ಬರುತ್ತದೆ, ಹೊತ್ತೂ ಹಾಳು. ಉಸಿರಿಲ್ಲದಿದ್ದರೆ ನೀರಿನಲ್ಲಿ ಮುಳುಗಿದವರಿಗೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ ಎದೆ ಒತ್ತಿ, ಎರಡನ್ನೂ ಬಿಡದೆ ಮಾಡಿ. ಬರೀ ಎದೆ ಒತ್ತಿದರೆ ಸಾಲದು, ಅವರಿಗೆ ತಪ್ಪಿರುವುದೇ ಗಾಳಿ. ಎದ್ದು ಕುಳಿತು ಮಾತನಾಡಿದರೂ ಆಸ್ಪತ್ರೆಗೆ ಕರೆತನ್ನಿ.

ಕ್ಯಾನಿನ ಉಪಾಯ ನನಗೆ ಬಹಳ ಹಿಡಿಸಿತು.

ಬಿಸಿಲೂರು | ಭಾನುವಾರ, ಬೆಳಿಗ್ಗೆ 7:30

ರಾಯಚೂರಿನಿಂದ. ಶಿಬಿರ, ಚಾರಣ ಎಂದರೆ ಎಲ್ಲರೂ ಮಲೆನಾಡನ್ನೇ ನೆನೆಯುತ್ತೀರಿ. ನಮ್ಮ ಹುಡುಗರಿಗೆ ಏಪ್ರಿಲ್ ತಿಂಗಳಿನಲ್ಲಿ ಕ್ರಿಕೆಟ್ ಮೈದಾನವೇ ಕಾಡು. ಬಿಸಿಲಿನಲ್ಲಿ ಬಿದ್ದವನಿಗೆ ಮುಖಕ್ಕೆ ನೀರು ಚಿಮುಕಿಸಿ "ಸರಿಹೋಗುತ್ತಾನೆ" ಎಂದು ಮರದ ಕೆಳಗೆ ಕೂರಿಸುತ್ತಾರೆ. ತಲೆಸುತ್ತು, ಬೆವರು, ಆದರೆ ಮಾತು ಸರಿಯಾಗಿದೆ ಎಂದರೆ ನೆರಳು, ಉಪ್ಪು ಸಕ್ಕರೆ ಹಾಕಿದ ನೀರು ಸಾಕು. ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಟೀ ಚಮಚದ ಅಳತೆ. ಆದರೆ ಮೈ ಕೆಂಡದಂತಿದ್ದು, ಹುಡುಗ ತಡವರಿಸುತ್ತಿದ್ದರೆ, ಎದುರಿಗಿದ್ದವರ ಗುರುತು ಹತ್ತದಿದ್ದರೆ ಅದು ಬೇರೆಯೇ. ಅಂಗಿ ಬಿಚ್ಚಿ, ಮೈಯೆಲ್ಲ ನೀರು ಸುರಿದು, ಬೀಸಿ, ಆಂಬುಲೆನ್ಸ್ ಕರೆಸಿ. ಗಾಡಿ ಬರುವವರೆಗೂ ಸುರಿಯುತ್ತಲೇ ಇರಿ. ಬೆವರು ಬರುತ್ತಿದೆ, ಹಾಗಾಗಿ ಭಯವಿಲ್ಲ ಎಂದುಕೊಳ್ಳಬೇಡಿ, ಆಡುತ್ತಾ ಬಿದ್ದ ಹುಡುಗರಿಗೆ ಬೆವರು ಇರುತ್ತದೆ.

ಮೇಷ್ಟ್ರೇ, ಆ ಗ್ಲುಕೋಸ್ ಪುಡಿಯ ಜಾಗದಲ್ಲಿ ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ.

ಮ್ಯೂನಿಕ್‌ನಿಂದ | ಭಾನುವಾರ, ಮಧ್ಯಾಹ್ನ 12:15

ಇಲ್ಲಿ ಜರ್ಮನಿಯಲ್ಲಿ ಕಾರು ಓಡಿಸುವ ಪರವಾನಗಿ ಬೇಕೆಂದರೆ ಪ್ರಥಮ ಚಿಕಿತ್ಸೆಯ ತರಗತಿ ಕಡ್ಡಾಯ, ನಲವತ್ತೈದು ನಿಮಿಷದ ಒಂಬತ್ತು ಪಾಠ. ನಾನೂ ನೆಲದ ಮೇಲೆ ಮೊಣಕಾಲೂರಿ ರಬ್ಬರ್ ಬೊಂಬೆಗೆ ಉಸಿರು ಊದಿದ್ದೇನೆ. ನಮ್ಮ ಊರಿನಲ್ಲೂ ಹೀಗೆ ಮಾಡಿದರೆ?

ಗದ್ದೆಬದು | ಭಾನುವಾರ, ಮಧ್ಯಾಹ್ನ 12:40

ನಮ್ಮಲ್ಲಿ ಪರವಾನಗಿಗೆ ಎಂಟು ಹೊಡೆದು ತೋರಿಸಿದರೆ ಸಾಕು ಸ್ವಾಮಿ. ಅದಕ್ಕಿಂತ ದೊಡ್ಡ ತೊಡಕು ಪೊಲೀಸರದು. ರಸ್ತೆಯಲ್ಲಿ ಬಿದ್ದವನನ್ನು ಎತ್ತಿ ಆಸ್ಪತ್ರೆಗೆ ಹಾಕಿದರೆ ಆಮೇಲೆ ಕೋರ್ಟಿಗೆ ಅಲೆಯುವವರು ಯಾರು?

ರಾತ್ರಿಪಾಳಿ | ಭಾನುವಾರ, ಮಧ್ಯಾಹ್ನ 3:00

ಅಲೆಯಬೇಕಿಲ್ಲ ಅಣ್ಣ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 134ಎ ಎಂಬ ಕಲಮೇ ಬಂತು. ರಸ್ತೆ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ ಕೊಡಿ ಎಂದು ಬಲವಂತ ಮಾಡುವಂತೆಯೂ ಇಲ್ಲ. ನಮ್ಮ ಬಾಗಿಲಿಗೆ ತಂದು ಬಿಟ್ಟು ನೀವು ಹೋಗಬಹುದು.

ಸೀಮೆಸುಣ್ಣ | ಭಾನುವಾರ, ರಾತ್ರಿ 9:05

ನಿಮ್ಮ ಮಾತುಗಳನ್ನೆಲ್ಲ ಓದಿದೆ. ಕೊನೆಬೆಂಚಿನ ಹುಡುಗನ ಮಾತು ರಾತ್ರಿ ನಿದ್ದೆ ಕೆಡಿಸಿತು. ಬೆಳಿಗ್ಗೆ ಹತ್ತಿರದಲ್ಲಿರುವ ಹದಿನಾಲ್ಕು ಮಕ್ಕಳಿಗೆ ಫೋನು ಮಾಡಿ ಕಾಲೇಜಿಗೆ ಕರೆಸಿದೆ. ಏಕೆಂದು ಹೇಳಲಿಲ್ಲ.

ಕಾಲೇಜಿನ ಹಿಂದೆ ಕೆರೆ ಇದೆ. ಏರಿಯ ಮೇಲೆ ಪ್ರಥಮ ಪಿಯುಸಿಯ ಒಬ್ಬ ಹುಡುಗನನ್ನು ಕೂರಿಸಿ "ನಿನ್ನ ಎಡಗಾಲಿಗೆ ಹಾವು ಕಚ್ಚಿದೆ, ಕೂಗು" ಎಂದೆ. ಅವನು ನಾಟಕದ ಹುಡುಗ, ಚೆನ್ನಾಗಿಯೇ ಕೂಗಿದ. ನಾನು ಗಡಿಯಾರ ಹಿಡಿದು ನಿಂತೆ.

ಮೊದಲ ಎರಡು ನಿಮಿಷ ಹದಿಮೂರು ಜನರೂ "ಏನಾಯಿತು" ಎಂದು ಕೇಳುವುದರಲ್ಲೇ ಹೋಯಿತು. ಒಬ್ಬ ಕೋಲು ಹುಡುಕಿದ, ಹಾವನ್ನು ಹೊಡೆಯಲು. ಒಬ್ಬಳು ನೀರು ತರಲು ಓಡಿದಳು. ತರಗತಿಗೆ ಮೊದಲು ಬರುವ ಹುಡುಗ 108ಕ್ಕೆ ಕರೆ ಮಾಡುತ್ತೇನೆ ಎಂದ. ನಾನೇ ಆ ಕಡೆಯವನಾದೆ. ಎಲ್ಲಿಂದ ಮಾತನಾಡುತ್ತಿದ್ದೀರಿ ಎಂದರೆ "ಕಾಲೇಜಿನ ಹಿಂದೆ" ಎಂದ. ಯಾವ ಕಾಲೇಜು, ಯಾವ ಊರು, ಯಾವ ತಾಲ್ಲೂಕು, ಗಾಡಿ ಎಲ್ಲಿಯವರೆಗೆ ಬರುತ್ತದೆ ಎಂದು ಕೇಳುತ್ತಾ ಹೋದೆ. ಅವನ ಮುಖ ಬಾಡಿತು. ಎರಡು ವರ್ಷದಿಂದ ಓದುತ್ತಿರುವ ಕಾಲೇಜಿಗೆ ದಾರಿ ಹೇಳಲು ಬರಲಿಲ್ಲ.

ಆಮೇಲೆ ಕಾಲು. ಶೂ ಬಿಚ್ಚಿದರು. ಹುಡುಗನ ಪಾದದ ಗಂಟಿಗೆ ಅವನ ತಾಯಿ ದೃಷ್ಟಿಗೆಂದು ಕಟ್ಟಿದ ಕಪ್ಪು ದಾರವಿತ್ತು, ಬಿಗಿಯಾಗಿ. ಬಾವು ಬಂದರೆ ಅದೇ ಕೊರೆಯುತ್ತದೆ, ಕತ್ತರಿಸಬೇಕು ಎಂದೆ. ಅಲ್ಲಿಯವರೆಗೆ ಹಾವು ಕಚ್ಚಿ ನರಳುತ್ತಿದ್ದವನು ಎದ್ದು ಕುಳಿತು "ಅದನ್ನು ಮುಟ್ಟಬೇಡಿ ಸರ್, ಅಮ್ಮ ಬೈಯುತ್ತಾರೆ" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬೆಟ್ಟದ ಮೇಲೆ ಇದೇ ಆದರೆ ನಾನು ಏನು ಮಾಡುತ್ತಿದ್ದೆ ಎಂದು ಯೋಚಿಸುತ್ತಿದ್ದೆ.

ಛತ್ರಿಯನ್ನು ಪಟ್ಟಿಯಾಗಿ ಇಟ್ಟು ದುಪಟ್ಟಾಗಳಿಂದ ಕಟ್ಟಿದರು. ಎಷ್ಟು ಉತ್ಸಾಹದಿಂದ ಕಟ್ಟಿದರೆಂದರೆ ಬೆರಳುಗಳ ಬಣ್ಣ ತಿರುಗತೊಡಗಿತು. ಬಿಚ್ಚಿ ಮತ್ತೆ ಕಟ್ಟಿದ್ದಾಯಿತು. ಅಷ್ಟರಲ್ಲಿ ಹನ್ನೊಂದು ನಿಮಿಷ.

ಕಡೆಗೆ ಹೊರುವುದು. ಹುಡುಗ ಐವತ್ತನಾಲ್ಕು ಕಿಲೋ. ಎರಡು ಬಿದಿರಿಗೆ ಲುಂಗಿ ತೊಡಿಸಿ ಡೋಲಿ ಮಾಡಿದೆವು, ಎತ್ತಿದ ಕೂಡಲೇ ಹಳೆಯ ಲುಂಗಿ ಚರ್ರೆಂದು ಹರಿಯಿತು. ಎರಡು ಅಂಗಿಗಳ ಗುಂಡಿ ಹಾಕಿ ತೋಳುಗಳಲ್ಲಿ ಬಿದಿರು ತೂರಿಸಿ ಮತ್ತೆ ಎತ್ತಿದೆವು. ಕೆರೆ ಏರಿಯಿಂದ ಗೇಟಿಗೆ ಇನ್ನೂರು ಮೀಟರ್, ಸಮತಟ್ಟು ದಾರಿ. ನಾಲ್ಕು ಸಲ ಆಳು ಬದಲಾಯಿತು. ಒಂಬತ್ತು ನಿಮಿಷ ಹಿಡಿಯಿತು. ಕಬಡ್ಡಿ ಆಡುವ ಇಬ್ಬರು ಹುಡುಗರ ಅಂಗೈ ಕೆಂಪಾಗಿತ್ತು.

ಎಂಟನೇ ತಿರುವಿನವರೇ, ಶೇಷಪರ್ವತದಿಂದ ಕೆಳಗೆ ಎಷ್ಟು ಹೊತ್ತು?

ಎಂಟನೇ ತಿರುವು | ಭಾನುವಾರ, ರಾತ್ರಿ 9:50

ನಿಮ್ಮ ಮಕ್ಕಳಿಂದಲೇ ಆದರೆ ಬೆಳಗಾಗುತ್ತದೆ. ನಮ್ಮ ಊರಿನ ಹೊರುವವರು ಎಂಟು ಜನ ಸೇರಿದರೂ ನಾಲ್ಕೈದು ಗಂಟೆ. ನಾಲ್ಕು ಜನ ಹೊರುವಾಗ ನಾಲ್ಕು ಜನ ಮುಂದೆ ದಾರಿ ನೋಡುತ್ತಾ ಬರಿಗೈಯಲ್ಲಿ ನಡೆಯಬೇಕು, ಐದು ನಿಮಿಷಕ್ಕೊಮ್ಮೆ ಹೆಗಲು ಬದಲಾಗಬೇಕು. ಇಳಿಜಾರಿನಲ್ಲಿ ರೋಗಿಯ ಕಾಲು ಮುಂದೆ, ತಲೆ ಹಿಂದೆ.

ಫೋನಿನ ವಿಷಯ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಕರೆ ಬೇರೆ ಕಂಪನಿಯ ಗೋಪುರದ ಮೂಲಕ ಹೋಗಬಹುದು, ಪ್ರಯತ್ನಿಸದೆ ಬಿಡಬೇಡಿ. ಯಾವ ಗೋಪುರವೂ ಸಿಗದ ಕಣಿವೆಗಳು ಇವೆ, ಅಲ್ಲಿ ಸೀಟಿಯೇ ಗತಿ. ಮೂರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು ಕೇಳಿ, ಮತ್ತೆ ಮೂರು. ಗಂಟಲು ಅರ್ಧ ಗಂಟೆಗೆ ಒಡೆಯುತ್ತದೆ, ಹತ್ತು ರೂಪಾಯಿಯ ಸೀಟಿ ಒಡೆಯುವುದಿಲ್ಲ. ಪ್ರತಿ ಮಗುವಿನ ಕೊರಳಿಗೂ ಒಂದು.

ಮಂಜು ಮುಸುಕಿ ದಾರಿ ತಪ್ಪಿದರೆ ನಿಂತಲ್ಲೇ ಕುಳಿತುಕೊಳ್ಳಿ ಎಂದು ಹೇಳಿ. ಹುಡುಗರು ಹಳ್ಳ ಹಿಡಿದು ಇಳಿಯುತ್ತಾರೆ, ಹಳ್ಳ ಊರಿಗೆ ಹೋಗುತ್ತದೆ ಎಂದು. ಘಟ್ಟದ ಹಳ್ಳ ಊರಿಗೆ ಮುಟ್ಟುವ ಮೊದಲು ಜಲಪಾತವಾಗಿ ಧುಮುಕುತ್ತದೆ. ಹಾಗೆ ಇಳಿದು ಬಂಡೆಯ ನೆತ್ತಿಯ ಮೇಲೆ ಸಿಕ್ಕಿಬಿದ್ದ ಮೂವರನ್ನು ನಾನೇ ಹಗ್ಗ ಕಟ್ಟಿ ಎತ್ತಿದ್ದೇನೆ.

ಸಿಡಿಲಿನ ಭಯ ಡಿಸೆಂಬರಿನಲ್ಲಿ ಕಡಿಮೆ, ಅದು ಏಪ್ರಿಲ್ ಮೇ ತಿಂಗಳ ಮಾತು. ಅಗತ್ಯ ಬಿದ್ದಾಗ ಇನ್ನೊಮ್ಮೆ ಬರೆಯುತ್ತೇನೆ.

ಸೀಮೆಸುಣ್ಣ | ಸೋಮವಾರ, ಸಂಜೆ 6:30

ಪ್ರಾಂಶುಪಾಲರಿಗೆ ಬರೆದುಕೊಟ್ಟೆ. ಕುಮಾರಪರ್ವತ ಬೇಡ, ಕೊಡಚಾದ್ರಿ. ನಲವತ್ತು ಬೇಡ, ಹದಿನೆಂಟು. ಉಳಿದವರಿಗೆ ಜನವರಿಯಲ್ಲಿ ಇನ್ನೊಂದು ತಂಡ. ಕೊಡಚಾದ್ರಿಯ ದೇವಸ್ಥಾನದವರೆಗೆ ಜೀಪು ಬರುತ್ತದೆ, ಅಲ್ಲಿಂದ ಸರ್ವಜ್ಞ ಪೀಠಕ್ಕೆ ಮಾತ್ರ ನಡಿಗೆ. ಯಾರಿಗೆ ಏನಾದರೂ ಜೀಪಿನವರೆಗೆ ಹೊತ್ತು ತರಬಹುದು. ಮಕ್ಕಳಲ್ಲಿ ಕೆಲವರಿಗೆ ಬೇಸರವಾಗಿದೆ, ಜೀಪು ಹೋಗುವ ಬೆಟ್ಟ ಯಾವ ಬೆಟ್ಟ ಎಂದು. "ನೀನು ಇನ್ನೂರು ಮೀಟರ್ ಹೊತ್ತೆಯಲ್ಲ, ಅದಕ್ಕೇ" ಎಂದೆ.

ಕಾಯಿಲೆಯ ಪಟ್ಟಿಯೂ ಬಂತು. ಉಬ್ಬಸ ಇಬ್ಬರಿಗೆ. ಒಬ್ಬಳಿಗೆ ಮೂರ್ಛೆ ಇದೆ, ಎರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಮೇಡಂ ಹತ್ತಿರ ಬಾಗಿಲು ಹಾಕಿಕೊಂಡು ಹೇಳಿದಳಂತೆ. ಮಾತ್ರೆ ತಪ್ಪಿಸಬಾರದು, ನಿದ್ದೆ ಕೆಡಬಾರದು ಎಂದು ವೈದ್ಯರು ಹೇಳಿದ್ದಾರೆ. ಅವಳೂ ಬರುತ್ತಾಳೆ.

ಗದ್ದೆಬದು | ಸೋಮವಾರ, ರಾತ್ರಿ 7:45

ಕೊಡಚಾದ್ರಿ ಎಂದರೆ ನಮ್ಮ ಮನೆಯ ಅಂಗಳ ಮೇಷ್ಟ್ರೇ. ಬಂದವರು ನಮ್ಮಲ್ಲಿ ಊಟ ಮಾಡಿಕೊಂಡು ಹೋಗಬೇಕು.

ಒಂದು ಎಚ್ಚರಿಕೆ. ನಮ್ಮ ಕಡೆ ಮಂಗನ ಕಾಯಿಲೆ ಡಿಸೆಂಬರಿನಿಂದ ಶುರುವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಕಂಡದ್ದು, ಇನ್ನೂ ಬಿಟ್ಟು ಹೋಗಿಲ್ಲ. ಹರಡುವುದು ಉಣುಗು. ಈ ಕಾಲದ ಉಣುಗು ಎಳ್ಳಿಗಿಂತ ಸಣ್ಣದು, ಕಣ್ಣಿಗೇ ಬೀಳುವುದಿಲ್ಲ. ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬೇಡಿ. ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಿರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೀಪಾ ಎಣ್ಣೆ ಕೊಡುತ್ತಾರೆ, ಕೇಳಿ ತೆಗೆದಿಡುತ್ತೇನೆ. ಮಂಗ ಸತ್ತ ಸುದ್ದಿ ಬಂದರೆ ಹಿಂದಿನ ದಿನವಾದರೂ ಸರಿ ಫೋನು ಮಾಡುತ್ತೇನೆ, ಆಗ ಬರಬೇಡಿ. ಇದಕ್ಕೆ ನನ್ನ ಹತ್ತಿರ ಬಳ್ಳಿ ಇಲ್ಲ, ಅಕ್ಕ ನಗಬಹುದು.

ರಾತ್ರಿಪಾಳಿ | ಸೋಮವಾರ, ರಾತ್ರಿ 8:02

ನಗುತ್ತಿಲ್ಲ, ಬರೆದುಕೊಳ್ಳುತ್ತಿದ್ದೇನೆ. ಮೇಷ್ಟ್ರೇ, ಹೋಗಿ ಬಂದ ಮೇಲೆ ಎರಡು ವಾರದೊಳಗೆ ಯಾರಿಗೆ ಜ್ವರ ಬಂದರೂ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಹೇಳಲು ಕಲಿಸಿ. ಪೆಟ್ಟಿಗೆಯಲ್ಲಿ ನೋವಿನ ಮಾತ್ರೆ ಎಂದು ಬರೆದಿದ್ದೀರಿ, ಪ್ಯಾರಸಿಟಮಾಲ್ ಬಿಟ್ಟು ಬೇರೆ ಇರಬಾರದು. ಮಂಗನ ಕಾಯಿಲೆಯಲ್ಲಿ ಆಸ್ಪಿರಿನ್‌ನಂಥವು ರಕ್ತಸ್ರಾವ ಹೆಚ್ಚಿಸುತ್ತವೆ. ಉಂಬಳಕ್ಕೆ ಉಪ್ಪೂ ಬೇಡ, ಉಗುರಿನಿಂದ ಮೆಲ್ಲಗೆ ಜಾರಿಸಿದರೆ ಬಿಡುತ್ತದೆ. ರಕ್ತ ಬಹಳ ಹೊತ್ತು ಸೋರುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ.

ಕೊನೆಬೆಂಚು | ಸೋಮವಾರ, ರಾತ್ರಿ 8:40

ದಿಂಬಿನ ಮೇಲೆ ಎರಡು ನಿಮಿಷ ಒತ್ತಿದೆ ಅಕ್ಕ. ದಿಂಬು ಹರಿಯಿತು, ಹತ್ತಿಯೆಲ್ಲ ಹೊರಗೆ. ನಮ್ಮ ಅಜ್ಜಿಗೆ ವಿಷಯ ಹೇಳಿದೆ, ಅವರೂ ಒತ್ತಿ ನೋಡಿದರು.

ಸರ್, ಡೋಲಿಗೆ ಲುಂಗಿ ಯಾರು ತರುತ್ತಾರೆ? ಹೊಸದಿರಬೇಕು.

ಗದ್ದೆಬದು | ಸೋಮವಾರ, ರಾತ್ರಿ 8:58

ಲುಂಗಿ ಬೇಡ ತಮ್ಮ, ಗೋಣಿಚೀಲ ನಾನು ಕೊಡುತ್ತೇನೆ. ತಳದ ಎರಡು ಮೂಲೆ ಕತ್ತರಿಸಿ ಕೋಲು ತೂರಿಸಿದರೆ ಅಡಿಕೆಯ ಮೂಟೆಯನ್ನೇ ತಡೆಯುತ್ತದೆ. ಅಡಿಕೆ ಕೊಯ್ಯುವ ಮುರಿದ ದೋಟಿ ಕೋಲು ಎರಡು ಬಿದ್ದಿವೆ, ಏಳೇಳು ಅಡಿಗೆ ಕತ್ತರಿಸಿ ಜೀಪಿನಲ್ಲೇ ಇಟ್ಟಿರುತ್ತೇನೆ.

ಸೀಮೆಸುಣ್ಣ | ಸೋಮವಾರ, ರಾತ್ರಿ 9:20

ಆಗಲಿ. ಮುಂದಿನ ಭಾನುವಾರ ಮತ್ತೆ ಕೆರೆ ಏರಿಯಲ್ಲಿ ಸೇರುತ್ತೇವೆ, ಈ ಸಲ ಗೋಣಿಚೀಲದ ಜೊತೆ. ರೋಗಿಯ ಪಾತ್ರಕ್ಕೆ ಅದೇ ಹುಡುಗ ಬರುತ್ತೇನೆ ಎಂದಿದ್ದಾನೆ. ತಾಯಿಯನ್ನು ಕೇಳಿದನಂತೆ. ಅವರು ಕಪ್ಪು ದಾರವನ್ನು ಕಾಲಿನಿಂದ ಬಿಚ್ಚಿ ಸೊಂಟಕ್ಕೆ ಸಡಿಲವಾಗಿ ಕಟ್ಟಿ ಕಳುಹಿಸಿದ್ದಾರೆ.